777 ಕೊಟ್ಟರೂ 403 ಹೋಗುತ್ತಿಲ್ಲ

ಪ್ರಶ್ನೆ:
ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಉಬುಂಟು 22.04, ಎಂಜಿನ್‌ಎಕ್ಸ್ ವೆಬ್ ಸರ್ವರ್. ಫೈಲುಗಳೆಲ್ಲ ನನ್ನ ಹೋಮ್ ಫೋಲ್ಡರಿನೊಳಗೆ 'ಸೈಟ್' ಅನ್ನೋ ಫೋಲ್ಡರಿನಲ್ಲಿವೆ. ಬ್ರೌಸರಿನಲ್ಲಿ ತೆರೆದರೆ 403 ಫರ್ಬಿಡನ್, ಅಂದರೆ ಪ್ರವೇಶ ಇಲ್ಲ ಅನ್ನೋ ಎರರ್. ಸಿಟ್ಟು ಬಂದು ಆ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಶನ್, ಕೊಟ್ಟೆ (ಗೊತ್ತು, ಬೈಯಬೇಡಿ). ಆದರೂ ಅದೇ 403. ಎರರ್ ಲಾಗಿನಲ್ಲಿ '13: ಪರ್ಮಿಶನ್ ಡಿನೈಡ್' ಅಂತಿದೆ.

ಉತ್ತರ 1:
ಇಂಡೆಕ್ಸ್ ಫೈಲ್ (ಸೈಟಿನ ಮೊದಲ ಪೇಜ್) ಇದೆಯಾ? ಇಲ್ಲದಿದ್ದರೂ 403 ಬರುತ್ತದೆ.

ಉತ್ತರ 2:
ಇಂಡೆಕ್ಸ್ ಇಲ್ಲದಿದ್ದರೆ ಲಾಗಿನಲ್ಲಿ ಬೇರೆ ಸಾಲು ಬರುತ್ತದೆ. 13 ಅಂದರೆ ಪರ್ಮಿಶನ್ನೇ. ನೀವು ಒಳಕೋಣೆಯ ಬೀಗ ತೆಗೆದಿದ್ದೀರಿ, ಹೆಬ್ಬಾಗಿಲು ಹಾಕಿಯೇ ಇದೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರಿಗೆ ಸಿಗುವುದು 750: ನಿಮಗೆ ಎಲ್ಲವೂ, ನಿಮ್ಮ ಗ್ರೂಪಿಗೆ ಓದಲು ಮತ್ತು ಒಳಹೋಗಲು, ಉಳಿದವರಿಗೆ ಏನೂ ಇಲ್ಲ. ಎಂಜಿನ್‌ಎಕ್ಸ್ ಓಡುವುದು 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಯೂಸರ್ ಹೆಸರಿನಲ್ಲಿ. ಅದು ನಿಮ್ಮ ಗ್ರೂಪಿನಲ್ಲಿ ಇಲ್ಲವಲ್ಲ! ಫೈಲಿನ ತನಕ ಹೋಗಲು ದಾರಿಯ ಪ್ರತಿ ಫೋಲ್ಡರಿನಲ್ಲೂ ಅದಕ್ಕೆ 'ಎಕ್ಸ್' (ಒಳಹೋಗುವ ಪರ್ಮಿಶನ್) ಇರಬೇಕು.

'ನೇಮ್‌ಐ' ಕಮಾಂಡಿಗೆ ಮೈನಸ್ ಎಲ್ ಸೇರಿಸಿ, ಇಂಡೆಕ್ಸ್ ಫೈಲಿನ ಪೂರ್ತಿ ಪಾಥ್ ಕೊಡಿ. ಎಲ್ಲಿ ತಪ್ಪಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಸುಮ್ನೆ 777 ಒತ್ತುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಉತ್ತರ 3:
ನಾನಾಗಿದ್ದರೆ ಹೋಮ್ ಮುಟ್ಟುತ್ತಲೇ ಇರಲಿಲ್ಲ. ಸೈಟನ್ನು 'ವಾರ್' ಫೋಲ್ಡರಿನ ಕೆಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಫೋಲ್ಡರಿಗೆ ಸಾಗಿಸಿ. ಫೋಲ್ಡರಿಗೆ 755 (ಬರೆಯಲು ನಿಮಗೆ ಮಾತ್ರ, ಓದಲು ಮತ್ತು ಒಳಹೋಗಲು ಎಲ್ಲರಿಗೂ), ಫೈಲಿಗೆ 644 (ಬರೆಯಲು ನಿಮಗೆ ಮಾತ್ರ, ಓದಲು ಎಲ್ಲರಿಗೂ). ಕಾನ್ಫಿಗ್‌ನಲ್ಲಿ ರೂಟ್ ಸಾಲು ಬದಲಿಸಿ, ರೀಲೋಡ್ ಮಾಡಿ.

ಪ್ರಶ್ನೆ ಕೇಳಿದವರು:
ಸಿಕ್ತು! ನನ್ನ ಹೋಮ್ ಸಾಲಿನಲ್ಲಿ ಪರ್ಮಿಶನ್ ಕೊನೆಯ ಮೂರೂ ಡ್ಯಾಶ್, ಅಂದರೆ ಉಳಿದವರಿಗೆ ಏನೂ ಇಲ್ಲ. ಸಾಗಿಸಿದೆ, ಪೇಜ್ ತೆರೆಯಿತು. ಹಳೇ 777 ಪರ್ಮಿಶನ್ ಫೋಲ್ಡರಿನ ಜೊತೆಗೇ ಬಂದಿತ್ತು, ಅದನ್ನೂ ತೆಗೆದೆ.