ಹಳೆಯ ಸೋಫಾ, ತಾಯಿಯ ಹೊಲಿಗೆ ಯಂತ್ರ, ನೇರಳೆ ಬಣ್ಣದ ಆಸೆ: ನಡುಮನೆಗೆ ಹೊಸ ಗವಸು, ಪರದೆ ಹೊಲಿಯಲು ಸಲಹೆ ಬೇಕು

ಪ್ರಶ್ನೆ: ನೇರಳೆಮರ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ನಾವು ಬನಶಂಕರಿ ಎರಡನೇ ಹಂತದ ಒಂದು ಹಳೆಯ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಇದ್ದೇವೆ. ನಡುಮನೆಯದು ರೆಡ್ ಆಕ್ಸೈಡ್ ನೆಲ, ಗೋಡೆಗೆ ಕೆನೆ ಬಣ್ಣ. ಇವೆರಡನ್ನೂ ಬದಲಿಸುವ ಅಧಿಕಾರ ನಮಗಿಲ್ಲ. ಮೂವರು ಕೂರುವ ತೇಗದ ಸೋಫಾದ ಮರ ಇನ್ನೂ ಗಟ್ಟಿಯಾಗಿದೆ, ಆದರೆ ಬಿಸ್ಕತ್ತು ಬಣ್ಣದ ಹೊದಿಕೆ ಕೂರುವ ಜಾಗದಲ್ಲಿ ಸವೆದು ನೂಲು ಕಾಣುತ್ತಿದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿಯಿದ್ದು, ಅದರ ಪರದೆ ಮಧ್ಯಾಹ್ನದ ಬಿಸಿಲಿಗೆ ಬೆಂದು ಗೆರೆಗೆರೆಯಾಗಿ ಮಾಸಿದೆ. ಹೊಸ ಸೋಫಾ ಕೊಳ್ಳುವ ಬದಲು ಇರುವುದಕ್ಕೇ ಹೊಸ ಬಟ್ಟೆ ಹೊಲಿದು ತೊಡಿಸೋಣ ಎಂದು ನಿಶ್ಚಯಿಸಿದ್ದೇನೆ. ನನ್ನ ತಾಯಿಯವರು ಕಣ್ಣಿನ ತೊಂದರೆಯಿಂದಾಗಿ ಹೊಲಿಯುವುದನ್ನು ಬಿಟ್ಟು, ತಮ್ಮ ಕಾಲಿನಿಂದ ತುಳಿಯುವ ಉಷಾ ಯಂತ್ರವನ್ನು ನನಗೆ ಕೊಟ್ಟಿದ್ದಾರೆ. ಲಂಗಕ್ಕೆ ಅಂಚು ಹಾಕುವಷ್ಟು, ದಿಂಬಿನ ಗವಸು ಹೊಲಿಯುವಷ್ಟು ನನಗೆ ಬರುತ್ತದೆ.

ನನ್ನ ಪ್ರೀತಿಯ ಬಣ್ಣ ನೇರಳೆ. ಯಜಮಾನರು ಕೋಣೆ ಕತ್ತಲಾಗುತ್ತದೆ ಎನ್ನುತ್ತಾರೆ, ಮಗಳು ಸಾಸಿವೆ ಹಳದಿ ಬೇಕೆಂದು ಹಟ ಹಿಡಿದಿದ್ದಾಳೆ, ಅತ್ತೆಯವರು ಹಬ್ಬದ ಹೊತ್ತಿಗೆ ಏನಾದರೂ ಒಂದು ಮುಗಿದರೆ ಸಾಕು ಎಂದಿದ್ದಾರೆ. ಯಾವ ಬಣ್ಣ ಎಲ್ಲಿಗೆ ಹೊಂದುತ್ತದೆ? ದಪ್ಪ ಬಟ್ಟೆಯನ್ನು ಈ ಯಂತ್ರ ಹೊಲಿದೀತೇ? ಮೊದಲು ಯಾವುದಕ್ಕೆ ಕೈ ಹಾಕಲಿ? ಇವು ನನ್ನ ಪ್ರಶ್ನೆಗಳು.

ಉತ್ತರ 1: ಹೊಲಿಗೆಪೆಟ್ಟಿಗೆ, ಮಲ್ಲೇಶ್ವರ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಅಲ್ಲಿಯೇ. ಸೋಫಾವನ್ನು ಮೊದಲು ಮುಟ್ಟಬೇಡಿ. ಕುಶನ್ ಗವಸುಗಳಿಂದ ಶುರು ಮಾಡಿ. ಐದು ಗವಸು ಹೊಲಿಯುವಷ್ಟರಲ್ಲಿ ಯಂತ್ರದ ಸ್ವಭಾವವೂ ತಿಳಿಯುತ್ತದೆ, ಆರಿಸಿದ ಬಣ್ಣ ನಿಮ್ಮ ಮನೆಯ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂಬುದೂ ತಿಳಿಯುತ್ತದೆ, ತಪ್ಪಿದರೆ ಹೋಗುವುದು ಎರಡು ಮೀಟರ್ ಬಟ್ಟೆ ಮಾತ್ರ.

ಲೆಕ್ಕ ಹೀಗಿದೆ. 16 ಇಂಚಿನ ಚೌಕ ಕುಶನ್‌ಗೆ ಜಿಪ್ ಇಲ್ಲದೆ, ಹಿಂದೆ ಲಕೋಟೆಯಂತೆ ಒಂದರ ಮೇಲೊಂದು ಕೂರುವ ಗವಸನ್ನು ಒಂದೇ ತುಂಡಿನಲ್ಲಿ ಹೊಲಿಯಬಹುದು. ಮುಂಭಾಗಕ್ಕೆ 16, ಹಿಂಭಾಗಕ್ಕೆ 16, ಮೇಲೊಂದು ಕೂರಲು 5, ಎರಡು ತುದಿಗಳ ಮಡಿಕೆಗೆ 2, ಒಟ್ಟು 39 ಇಂಚು ಉದ್ದ. ಅಗಲ 17 ಇಂಚು, ಅಂದರೆ ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆಗೆ. ಅಂಗಡಿಯವರು ಪನ್ನ ಎನ್ನುವ ಬಟ್ಟೆಯ ಅಗಲ 44 ಇಂಚು ಇದ್ದರೆ ಈ 39 ಇಂಚು ಅಡ್ಡಕ್ಕೆ ಸಲೀಸಾಗಿ ಕೂರುತ್ತದೆ. ಒಂದು ಗವಸಿಗೆ 17 ಇಂಚಿನಂತೆ ಐದಕ್ಕೆ 85 ಇಂಚು, ಅಂದರೆ ಎರಡೂಕಾಲು ಮೀಟರ್ ಬಟ್ಟೆ ಸಾಕು. ಗೆರೆ ಅಥವಾ ಹೂವಿನ ವಿನ್ಯಾಸವಿದ್ದರೆ ಮಾತ್ರ ಅದು ಅಡ್ಡವಾಗಿ ಬರುತ್ತದೆಯೇ ಎಂದು ಕತ್ತರಿಸುವ ಮೊದಲು ನೋಡಿಕೊಳ್ಳಿ. ನಾನೊಮ್ಮೆ ನವಿಲುಗಳನ್ನೆಲ್ಲ ಮಲಗಿಸಿಬಿಟ್ಟಿದ್ದೆ.

ಯಂತ್ರದ ವಿಷಯಕ್ಕೆ ಬಂದರೆ, ಹಳೆಯ ತುಳಿಯುವ ಯಂತ್ರಗಳು ನೇರ ಹೊಲಿಗೆಯಲ್ಲಿ ಗಟ್ಟಿಗರು. ವರ್ಷಗಟ್ಟಲೆ ನಿಂತಿದ್ದರೆ ಹಳೆಯ ಎಣ್ಣೆ ಅಂಟಿನಂತಾಗಿರುತ್ತದೆ. ಅದನ್ನು ಒರೆಸಿ, ಯಂತ್ರದ ಎಣ್ಣೆಯನ್ನೇ ಹನಿಹನಿಯಾಗಿ ಬಿಟ್ಟು, ಒಂದು ದಿನ ಚಿಂದಿ ಬಟ್ಟೆಯ ಮೇಲೆ ಓಡಿಸಿ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಖಂಡಿತ ಬೇಡ. ಸಾಮಾನ್ಯ ಹತ್ತಿ ಬಟ್ಟೆಗೆ 14ರ ಸೂಜಿ, ಸೋಫಾ ಬಟ್ಟೆಗೆ 16ರ ಸೂಜಿ, ನಾಲ್ಕು ಪದರ ಕೂಡುವ ಮೂಲೆಗಳಿಗೆ 18ರದು. ಹೊಲಿಗೆಯ ಉದ್ದ ಸ್ವಲ್ಪ ಹೆಚ್ಚಿಸಿ, ಮೂಲೆಗಳಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿದರೆ ಸೂಜಿ ಮುರಿಯುವುದಿಲ್ಲ.

ಸೋಫಾದ ಬೆನ್ನಿಗೂ ಕೈಗಳಿಗೂ ಚೌಕಟ್ಟಿಗೇ ಪಿನ್ನು ಹೊಡೆದು ಕೂರಿಸಿದ ಬಟ್ಟೆಯಿದ್ದರೆ ಅದನ್ನು ಕುಶಲಕರ್ಮಿಗೆ ಬಿಡಿ. ಬಿಡಿಯಾಗಿ ತೆಗೆಯಬಹುದಾದ ಆಸನದ ದಿಂಬುಗಳನ್ನು ಮಾತ್ರ ನೀವು ಹೊಲಿಯಿರಿ. 22 ಇಂಚು ಚೌಕ, 4 ಇಂಚು ದಪ್ಪದ ಫೋಮ್ ಆದರೆ ಮೇಲೆ, ಕೆಳಗೆ 23 ಇಂಚಿನ ಎರಡು ಚೌಕ, ಸುತ್ತಲೂ 5 ಇಂಚು ಅಗಲದ ಪಟ್ಟಿ ಬೇಕಾಗುತ್ತದೆ. ಜಿಪ್ಪನ್ನು ಹಿಂಬದಿಯ ಪಟ್ಟಿಯ ನಡುವೆ ಕೂರಿಸಿ, ಅದು ಎರಡೂ ಮೂಲೆ ದಾಟಿ ಮೂರು ಮೂರು ಇಂಚು ಪಕ್ಕಕ್ಕೆ ಬರುವಂತೆ ಮಾಡಿ. ಹಿಂಬದಿಯಷ್ಟೇ ಉದ್ದದ ಜಿಪ್ ಹಾಕಿದರೆ ಫೋಮನ್ನು ಒಳಗೆ ತಳ್ಳುವಾಗ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಉತ್ತರ 2: ಕೆಂಪುನೆಲ, ಬಸವನಗುಡಿ

ಹೊಲಿಗೆಯ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಬಣ್ಣದ ಬಗ್ಗೆ ಹೇಳುತ್ತೇನೆ. ನಿಮ್ಮ ಕೋಣೆಯ ಅತಿ ದೊಡ್ಡ ಬಣ್ಣ ಗೋಡೆಯದಲ್ಲ, ನೆಲದ್ದು. ನಮ್ಮ ಮನೆಯದೂ ಅದೇ ನೆಲವಾದ್ದರಿಂದ ಅನುಭವದಿಂದ ಬರೆಯುತ್ತಿದ್ದೇನೆ: ಬದನೆಕಾಯಿಯಂತೆ ಕೆಂಪಿನ ಕಡೆಗೆ ವಾಲುವ ನೇರಳೆ ಆ ನೆಲದ ಮೇಲೆ ಮಂಕಾಗಿ, ಕಂದು ಬಣ್ಣವೇನೋ ಎಂಬಂತೆ ಕಾಣುತ್ತದೆ. ಹಣ್ಣಾದ ನೇರಳೆಯ ಸಿಪ್ಪೆಯಂತೆ ನೀಲಿಯ ಕಡೆಗೆ ವಾಲುವುದು ನೆಲದಿಂದ ಬೇರ್ಪಟ್ಟು ಎದ್ದು ನಿಲ್ಲುತ್ತದೆ. ಸೋಫಾಕ್ಕೂ ನೆಲಕ್ಕೂ ನಡುವೆ ಹಾಲುಬಿಳಿ ಅಥವಾ ಬೂದು ಮಿಶ್ರಿತ ಜಮಖಾನೆಯೊಂದು ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ನವಲಗುಂದದ್ದೊಂದಿದೆ, ಅದರ ಪಗಡೆ ಹಾಸಿನ ವಿನ್ಯಾಸದಲ್ಲಿರುವ ಬಣ್ಣಗಳನ್ನೇ ನೋಡಿ ಕುಶನ್‌ಗಳಿಗೆ ಬಟ್ಟೆ ಆರಿಸಿದೆವು.

ನಿಮ್ಮ ಮಗಳ ಹಟ ತಪ್ಪಲ್ಲ. ಬಣ್ಣಚಕ್ರದಲ್ಲಿ ನೇರಳೆಗೆ ನೇರ ಎದುರಿಗಿರುವುದು ಹಳದಿ. ಪಕ್ಕಪಕ್ಕದಲ್ಲಿಟ್ಟರೆ ಒಂದು ಇನ್ನೊಂದನ್ನು ಬೆಳಗಿಸುತ್ತದೆ. ಆದರೆ ಎರಡೂ ಸಮಪಾಲಾದರೆ ಕಣ್ಣಿಗೆ ಜಗಳ. ಮೂರು ನೇರಳೆ ಗವಸಿಗೆ ಒಂದು ಸಾಸಿವೆ ಬಣ್ಣದ್ದು, ಉಳಿದವಕ್ಕೆ ಸಾಸಿವೆಯ ಸಣ್ಣ ಪೈಪಿಂಗ್, ಅಂದರೆ ಅಂಚಿನ ಹೊಲಿಗೆಯಲ್ಲಿ ಕೂರಿಸುವ ದುಂಡನೆಯ ಪಟ್ಟಿ, ಸಾಕು.

ಯಜಮಾನರ ಮಾತಿನಲ್ಲೂ ಅರ್ಧ ಸತ್ಯವಿದೆ. ಪಶ್ಚಿಮದ ಕಿಟಕಿಗೆ ತೆಳುವಾದ ನೇರಳೆ ಪರದೆ ಹಾಕಿದರೆ ಮಧ್ಯಾಹ್ನ ಮೂರರ ನಂತರ ಬಿಸಿಲು ಅದರ ಮೂಲಕ ಹಾದು ಇಡೀ ಕೋಣೆಗೆ, ಅಲ್ಲಿ ಕೂತವರ ಮುಖಕ್ಕೂ, ನೇರಳೆ ಛಾಯೆ ಬಳಿಯುತ್ತದೆ. ಆದ್ದರಿಂದ ಪರದೆ ತಿಳಿಬಣ್ಣದ್ದಿರಲಿ, ನೇರಳೆ ಆಸನದ ಮೇಲಿರಲಿ. ಈ ವಿಷಯದಲ್ಲಿ ಹೊಲಿಗೆಪೆಟ್ಟಿಗೆಯವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ: ಪ್ರೀತಿಯ ಬಣ್ಣವನ್ನು ಕುಶನ್‌ಗಳಿಗೆ ಮಾತ್ರ ಮೀಸಲಿಟ್ಟರೆ ಅದು ಅತಿಥಿಯಂತೆ ಕಾಣುತ್ತದೆ, ಮನೆಯವರಂತೆ ಅಲ್ಲ. ಒಂದೇ ಎಚ್ಚರಿಕೆ ಏನೆಂದರೆ, ಗಾಢ ನೇರಳೆಯ ಮೇಲೆ ನಮ್ಮ ಊರಿನ ರಸ್ತೆ ಧೂಳು ಎದ್ದು ಕಾಣುತ್ತದೆ. ವಾರಕ್ಕೊಮ್ಮೆ ಝಾಡಿಸುವ ಮನಸ್ಸಿಲ್ಲದಿದ್ದರೆ ಹದವಾದ ಛಾಯೆ ಆರಿಸಿ.

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ಕಾಲು ಮೀಟರ್ ಕೊಂಡು ತಂದು, ಎರಡು ದಿನ ಸೋಫಾದ ಮೇಲೆ ಹಾಸಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ.

ಮರುಪ್ರಶ್ನೆ: ನೇರಳೆಮರ

ಇಬ್ಬರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಮೊದಲನೆಯದು, ಗಾಢ ಬಣ್ಣದ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು, ಇದು ನಿಜವೇ? ಎರಡನೆಯದು ಸ್ವಲ್ಪ ಸೂಕ್ಷ್ಮ ವಿಷಯ. ತಾಯಿಯವರ ಒಂದು ಇಳಕಲ್ ಸೀರೆಯ ಒಡಲು ಮಡಿಕೆಗಳಲ್ಲಿ ಹರಿದಿದೆ, ಆದರೆ ಅಂಚೂ ಕೆಂಪು ಬಿಳುಪಿನ ಸೆರಗೂ ಗಟ್ಟಿಯಾಗಿವೆ. ಅದನ್ನು ಬಳಸಿಕೋ ಎಂದು ಅವರೇ ಹೇಳಿದ್ದಾರೆ, ನನಗೆ ಕತ್ತರಿ ಇಡಲು ಕೈ ಬರುತ್ತಿಲ್ಲ.

ಉತ್ತರ 3: ದಾರದುಂಡೆ, ವಿಜಯನಗರ (ಮೂಲತಃ ಬಾಗಲಕೋಟೆ ಕಡೆಯವಳು)

ಉಪ್ಪಿನ ಮಾತು ಬಿಡಿ, ಅಕ್ಕ. ಬಣ್ಣ ಹಾಕುವ ಹಂತದಲ್ಲಿ ಉಪ್ಪಿಗೆ ಕೆಲಸವಿದೆ, ಅಂಗಡಿಯಿಂದ ತಂದ ಬಟ್ಟೆಯ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ಒದ್ದೆಯಾದ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಬಟ್ಟೆಯನ್ನು ತಿಳಿಬಣ್ಣದ ಜೊತೆ ಸೇರಿಸಿ ಹೊಲಿಯಬೇಡಿ. ಹೇಗೂ ಕತ್ತರಿಸುವ ಮೊದಲು ತಣ್ಣೀರಿನಲ್ಲಿ ಒಮ್ಮೆ ಒಗೆದು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಲೇಬೇಕು, ಏಕೆಂದರೆ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದು ಇಂಚು ಕುಗ್ಗುವುದುಂಟು. ನಾನು ಆತುರಪಟ್ಟು ಒಗೆಯದೆ ಹೊಲಿದ ಗವಸುಗಳು ಮೊದಲ ಒಗೆತಕ್ಕೇ ಕುಗ್ಗಿ, ಕುಶನ್‌ಗಳು ಉಬ್ಬಿದ ಪೂರಿಯಂತಾದವು.

ಇನ್ನು ಇಳಕಲ್ ಸೀರೆ. ಆ ಸೆರಗನ್ನು ಒಡಲಿನ ಜೊತೆಗೇ ನೇಯ್ದಿರುವುದಿಲ್ಲ. ಒಡಲಿನ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಓಡುವ ಎಳೆಗಳಿಗೆ, ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಕೊಂಡಿಯಾಗಿ ಸೇರಿಸಿ ಮುಂದೆ ನೇಯುತ್ತಾರೆ. ನೀವು ಕತ್ತರಿಸುವುದಾದರೆ ಆ ಕೊಂಡಿಯ ಸಾಲಿನ ಮೇಲೆ ಮಾತ್ರ ಕತ್ತರಿ ಇಡಬೇಡಿ. ಒಡಲಿನ ಕಡೆಗೆ ಎರಡು ಇಂಚು ಬಿಟ್ಟು ಕತ್ತರಿಸಿ ಮಡಚಿ. ಹಳೆಯ ರೇಷ್ಮೆ ತಾನಾಗಿ ಭಾರ ತಾಳುವುದಿಲ್ಲವಾದ್ದರಿಂದ ಕೆಳಗೆ ಒಗೆದ ಕೋರಾ ಬಟ್ಟೆಯ ಆಸರೆ ಕೊಟ್ಟು, ಸುತ್ತಲೂ ಕೈಹೊಲಿಗೆಯಿಂದ ಕೂಡಿಸಿದ ಮೇಲೆಯೇ ಯಂತ್ರಕ್ಕೆ ಕೊಡಿ. ಇದನ್ನು ಕೂರುವ ಜಾಗಕ್ಕೆ ಬಳಸಬೇಡಿ. ಎರಡು ಕುಶನ್‌ಗಳ ಮುಖಕ್ಕೆ ಸೆರಗು, ತಿಳಿ ಪರದೆಯ ಬುಡಕ್ಕೆ ಅಂಚು ಚೆನ್ನಾಗಿ ಒಪ್ಪುತ್ತದೆ. ಅಂಚನ್ನು ಪರದೆಗೆ ಹೊಲಿಯುವಾಗ ಎಳೆಯದೆ ಸಡಿಲವಾಗಿ ಕೂರಿಸಿ. ಎರಡರ ಕುಗ್ಗುವಿಕೆ ಬೇರೆ ಬೇರೆಯಾದ್ದರಿಂದ ಬಿಗಿಯಾಗಿ ಹೊಲಿದರೆ ಒಗೆದ ಮೇಲೆ ಸುಕ್ಕುಗಟ್ಟುತ್ತದೆ.

ಹರಿದ ಒಡಲನ್ನೂ ಎಸೆಯಬೇಡಿ. ನಮ್ಮ ಕಡೆ ಕೌದಿ ಹುಟ್ಟುವುದೇ ಇಂಥ ಸೀರೆಗಳಿಂದ. ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ದೊಡ್ಡ ಓಟದ ಹೊಲಿಗೆ ಹಾಕಿದರೆ ಸೋಫಾದ ಬೆನ್ನಿನ ಮೇಲೆ ಇಳಿಬಿಡುವ ಹೊದಿಕೆಯಾಗುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಹೊಸಬರಿಗೆ ಆ ಕ್ರಮವೇ ಸುಲಭ, ಮೊದಲೇ ಅಂಚು ಭದ್ರವಾಗುವುದರಿಂದ ಕೊನೆಯಲ್ಲಿ ಬಟ್ಟೆ ಸೊಟ್ಟಗಾಗುವ ಭಯವಿಲ್ಲ. ಕತ್ತರಿ ಇಡುವ ದಿನ ತಾಯಿಯವರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನಜ್ಜಿ ತನ್ನ ಸೀರೆಯನ್ನು ತಾನೇ ಹರಿದು ಕೊಟ್ಟಿದ್ದಳು.

ಉತ್ತರ 4: ಹೊಲಿಗೆಪೆಟ್ಟಿಗೆ, ಮಲ್ಲೇಶ್ವರ

ಆಸನಕ್ಕೂ ನೇರಳೆ ಹಾಕುವ ಕೆಂಪುನೆಲದವರ ಸಲಹೆಯನ್ನು ಒಪ್ಪುತ್ತೇನೆ, ಆದರೆ ಕುಶನ್ ಆದ ಮೇಲೆ. ಈಗ ಪರದೆಯ ಲೆಕ್ಕ ಬರೆದುಬಿಡುತ್ತೇನೆ. ನಿಮ್ಮ ಕಿಟಕಿಯ ಸರಳು 6 ಅಡಿ, ಅಂದರೆ 72 ಇಂಚು ಎಂದುಕೊಳ್ಳೋಣ. ನೆರಿಗೆ ತುಂಬಿ ಕಾಣಬೇಕಾದರೆ ಬಟ್ಟೆ ಅದರ ಎರಡರಷ್ಟು, 144 ಇಂಚು ಬೇಕು. 48 ಇಂಚು ಅಗಲದ ಬಟ್ಟೆಯಾದರೆ ಸರಿಯಾಗಿ ಮೂರು ಪಟ್ಟೆ. ಒಂದು ಪಟ್ಟೆಯನ್ನು ಉದ್ದಕ್ಕೆ ಸೀಳಿ ಬಲಕ್ಕೊಂದು, ಎಡಕ್ಕೊಂದು ಸೇರಿಸಬೇಕು. ಸಿದ್ಧ ಉದ್ದ 84 ಇಂಚು ಬೇಕಾದರೆ ಮೇಲಿನ ಮಡಿಕೆಗೆ 4, ಕೆಳಗೆ ಮೂರಿಂಚಿನ ಎರಡು ಮಡಿಕೆಗೆ 6, ಒಟ್ಟು 94 ಇಂಚು. ಮೂರು ಪಟ್ಟೆಗೆ 282 ಇಂಚು. ಕುಗ್ಗುವುದನ್ನೂ ಸೇರಿಸಿ ಏಳೂವರೆ ಮೀಟರ್ ಕೊಳ್ಳಿ. ಇಳಕಲ್ ಅಂಚು ಹಾಕುವುದಾದರೆ ಕೆಳಗಿನ ಮಡಿಕೆಯ ಭಾರವೇ ಅದನ್ನು ನೇರವಾಗಿ ಇಳಿಬಿಡುತ್ತದೆ.

ಪಶ್ಚಿಮದ ಬಿಸಿಲಿಗೆ ಹಿಂದೊಂದು ಬಿಳಿ ಅಸ್ತರು ತಪ್ಪಿಸಬೇಡಿ. ಬಿಸಿಲು ಮೊದಲು ಅಸ್ತರನ್ನು ತಿನ್ನುತ್ತದೆ, ಮಾಸಿದಾಗ ಅದೊಂದನ್ನೇ ಬದಲಿಸಬಹುದು. ಅಸ್ತರು ಪರದೆಗಿಂತ ಒಂದು ಇಂಚು ಗಿಡ್ಡವಿರಲಿ, ಬುಡದಲ್ಲಿ ಎರಡನ್ನೂ ಸೇರಿಸಿ ಹೊಲಿಯಬೇಡಿ. ಉಕ್ಕಿನ ಉಂಗುರ ಹಾಕಿಸುವುದಾದರೆ ಪ್ರತಿ ಪರದೆಗೂ ಸಮ ಸಂಖ್ಯೆಯಲ್ಲಿರಬೇಕು; ಬೆಸ ಸಂಖ್ಯೆಯಾದರೆ ಒಂದು ತುದಿ ಗೋಡೆಯ ಕಡೆಗೆ, ಇನ್ನೊಂದು ಕೋಣೆಯ ಕಡೆಗೆ ಮುಖ ಮಾಡಿ ನಿಲ್ಲುತ್ತದೆ.

ಕೊಳ್ಳಲು ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಸಾಕು. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ನೇರವಾಗಿ ಹೋಗಬಹುದು. ಬಟ್ಟೆಗೆ ಚಿಕ್ಕಪೇಟೆ, ಜಿಪ್ಪು, ದಾರ, ಲೇಸುಗಳಿಗೆ ಪಕ್ಕದ ಮಾಮೂಲುಪೇಟೆ. ಕೈಮಗ್ಗದ್ದೇ ಬೇಕೆಂದರೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳನ್ನೂ ನೋಡಿ. ಒಂದೇ ಥಾನಿನಿಂದ ಒಮ್ಮೆಲೇ ಪೂರ್ತಿ ಅಳತೆ ಕೊಳ್ಳಿ. ನಾನು ಮೀಟರ್ ಕಡಿಮೆಯಾಯಿತೆಂದು ಹದಿನೈದು ದಿನ ಬಿಟ್ಟು ಅದೇ ಅಂಗಡಿಗೆ ಹೋದಾಗ, ಅದೇ ಸಂಖ್ಯೆಯ ಬಣ್ಣವೆಂದು ಕೊಟ್ಟದ್ದು ಮನೆಯ ಬೆಳಕಿನಲ್ಲಿ ಬೇರೆಯೇ ಆಗಿತ್ತು.

ನೇರಳೆಮರ:

ಕಾಲು ಕಾಲು ಮೀಟರ್‌ನಂತೆ ಮೂರು ನೇರಳೆ ಬಟ್ಟೆಗಳನ್ನು ತಂದು ಸೋಫಾದ ಮೇಲೆ ಹಾಸಿದ್ದೇನೆ. ಬದನೆಕಾಯಿ ಬಣ್ಣದ್ದು ಕೆಂಪುನೆಲದವರು ಹೇಳಿದಂತೆಯೇ ಸಂಜೆಯ ಹೊತ್ತಿಗೆ ಕಂದಾಗಿಬಿಟ್ಟಿತು. ನೀಲಿಯತ್ತ ವಾಲುವ ಒಂದನ್ನು ಯಜಮಾನರೂ ಆಕ್ಷೇಪಿಸಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಟ್ಟಾಗಿದೆ, ಚರ್ಮದ ಬೆಲ್ಟು ಮಾತ್ರ ಸಡಿಲವಾಗಿ ಜಾರುತ್ತಿದೆ.

ಹೊಲಿಗೆಪೆಟ್ಟಿಗೆ:

ಬೆಲ್ಟಿನ ತಂತಿಯ ಕೊಕ್ಕೆ ಬಿಚ್ಚಿ, ಅರ್ಧ ಇಂಚು ಕತ್ತರಿಸಿ, ಹೊಸ ತೂತು ಮಾಡಿ ಮತ್ತೆ ಕೊಕ್ಕೆ ಹಾಕಿ. ಒಂದೇ ಸಲಕ್ಕೆ ಹೆಚ್ಚು ಕತ್ತರಿಸಬೇಡಿ. ಅತಿ ಬಿಗಿಯಾದರೆ ತುಳಿಯುವುದು ಭಾರವಾಗುತ್ತದೆ.