ಲೈಬ್ರರಿ ಮ್ಯೂಸಿಕ್ ಎಲ್‌ಪಿಯಲ್ಲಿ ತುಣುಕಿನ ಮೊದಲಿಗೇ ಸರಸರ ಸದ್ದು: ಕೊಳೆಯೋ, ಸವೆತವೋ?

ಮುಳ್ಳುಮೊನೆ:
ಎಲ್ಲರಿಗೂ ನಮಸ್ಕಾರ. ಲೈಬ್ರರಿ ಮ್ಯೂಸಿಕ್, ಅಂದರೆ ಟಿವಿ, ಸಿನಿಮಾಗಳ ಬಳಕೆಗೆಂದು ಮೊದಲೇ ಮುದ್ರಿಸಿಟ್ಟ ಸಂಗೀತ, ಅದರಲ್ಲೂ 1970ರ ದಶಕದ ಫಂಕ್ ಲಯದ್ದರ ರುಚಿ ಹತ್ತಿ ನನಗೆ ಒಂದು ವರ್ಷವಾಗಿದೆ. ಇಷ್ಟು ದಿನ ಮರುಮುದ್ರಣಗಳನ್ನಷ್ಟೇ ಕೊಳ್ಳುತ್ತಿದ್ದವನು ಕಳೆದ ತಿಂಗಳು ಮೊದಲ ಬಾರಿಗೆ ಲಂಡನ್ನಿನ ಲೈಬ್ರರಿ ಸಂಸ್ಥೆ ಕೆಪಿಎಂನ 1000 ಸರಣಿಯ ಒಂದು ಮೂಲ ಪ್ರತಿಯನ್ನು ತರಿಸಿಕೊಂಡೆ. ಹಸಿರು ಹೊದಿಕೆ, ಅದರ ಮೇಲೆ ಕಲಾವಿದರ ಮುಖವಿಲ್ಲ. ಹಿಂಬದಿಯಲ್ಲಿ ಪ್ರತಿ ತುಣುಕಿನ ಹೆಸರು, ಅದು ಎಂಥ ದೃಶ್ಯಕ್ಕೆ ಒಗ್ಗುತ್ತದೆ ಎಂಬ ಒಂದು ಸಾಲು ಮತ್ತು ನಿಮಿಷ, ಸೆಕೆಂಡುಗಳ ಲೆಕ್ಕ ಇವೆ.

ಮಾರಿದವರು ವಿಜಿ ಪ್ಲಸ್ (ಬಳಸಿದ್ದರೂ ಒಳ್ಳೆಯ ಸ್ಥಿತಿಯಲ್ಲಿದೆ ಎಂಬ) ದರ್ಜೆ ಕೊಟ್ಟಿದ್ದರು. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೂ ಕಣ್ಣಿಗೆ ಬೀಳುವಂಥ ಗೀರುಗಳಿಲ್ಲ. ಆದರೆ ಎರಡನೆಯ ಬದಿಯ ಮೂರನೆಯ ತುಣುಕು ಶುರುವಾಗುವಾಗ ಎರಡು ಮೂರು ಸೆಕೆಂಡು ಒಣಗಿದ ಎಲೆಗಳನ್ನು ತುಳಿದಂಥ ಸದ್ದು ಕೇಳಿ, ಆಮೇಲೆ ಎಲ್ಲವೂ ತಿಳಿಯಾಗುತ್ತದೆ. ಇದು ತೊಳೆದರೆ ಹೋಗುವ ಕೊಳೆಯೇ, ಅಥವಾ ಪ್ಲೇಟಿಗೇ ಆಗಿರುವ ಹಾನಿಯೇ? ಹಾಗೆಯೇ, ಗೊತ್ತಿಲ್ಲದ ಹೆಸರುಗಳೇ ತುಂಬಿರುವ ಈ ಸಂಗೀತದಲ್ಲಿ ಕೇಳದೆ ಕೊಳ್ಳಬೇಕಾದಾಗ ನೀವು ಯಾವುದನ್ನು ನಂಬಿ ಆರಿಸುತ್ತೀರಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ತಟ್ಟೆ:
ನೀವು ವಿವರಿಸಿದ ಸದ್ದು ಬಹುಮಟ್ಟಿಗೆ ಸವೆತದ್ದು. ಸಂಗ್ರಾಹಕರು ಇದನ್ನು ಕ್ಯೂ ಬರ್ನ್ ಎನ್ನುತ್ತಾರೆ. ಈ ಎಲ್‌ಪಿಗಳು ಅಂಗಡಿಗೆ ಬಂದವಲ್ಲ. ಟಿವಿ, ರೇಡಿಯೊ ಮತ್ತು ಸಿನಿಮಾ ಸಂಸ್ಥೆಗಳಿಗೆ ಅವನ್ನು ಕಳುಹಿಸಿಕೊಡಲಾಗುತ್ತಿತ್ತು. ಅವರು ತಮಗೆ ಬೇಕಾದ ತುಣುಕನ್ನು ಆರಿಸಿ, ಬಳಸಿದ್ದಕ್ಕೆ ಮಾತ್ರ ಪರವಾನಗಿ ಶುಲ್ಕ ಕಟ್ಟುತ್ತಿದ್ದರು. ದೃಶ್ಯಕ್ಕೆ ಸರಿಯಾಗಿ ಸಂಗೀತ ಶುರುವಾಗಬೇಕಾದರೆ ಮುಳ್ಳನ್ನು ತುಣುಕಿನ ಮೊದಲ ಸ್ವರದ ಮೇಲಿಟ್ಟು, ತಟ್ಟೆಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಸ್ವರ ಹೊರಡುವ ಜಾಗವನ್ನು ಗುರುತಿಸಿಕೊಳ್ಳಬೇಕಾಗಿತ್ತು. ಭಾರದ ಮುಳ್ಳು ಒಂದೇ ಜಾಗದಲ್ಲಿ ಹೀಗೆ ಓಡಾಡಿದರೆ ಗ್ರೂವ್‌ನ (ಮುಳ್ಳು ಸಾಗುವ ಸುರುಳಿ ಗೆರೆಯ) ಗೋಡೆ ಉಜ್ಜಿಹೋಗುತ್ತದೆ, ಆದರೆ ಮೇಲ್ಮೈಯ ಹೊಳಪು ಹಾಗೆಯೇ ಉಳಿದಿರುತ್ತದೆ. ಆದ್ದರಿಂದಲೇ ಕಣ್ಣಿನಿಂದ ನೋಡಿ ಕೊಟ್ಟ ದರ್ಜೆಯನ್ನು ಈ ಬಗೆಯ ಪ್ಲೇಟುಗಳ ವಿಷಯದಲ್ಲಿ ನಾನು ನಂಬುವುದಿಲ್ಲ. ನುಡಿಸಿ ಕೇಳಿದ್ದೀರಾ ಎಂದು ಮಾರುವವರನ್ನು ಮೊದಲೇ ವಿಚಾರಿಸುತ್ತೇನೆ.

ಆದರೂ ಒಮ್ಮೆ ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಗ್ರೂವ್‌ನ ಗುಂಟವೇ ಒರೆಸಿ ನೋಡಿ. (78 ವೇಗದ ಅರಗಿನ ಪ್ಲೇಟುಗಳ ಹತ್ತಿರ ಇದನ್ನು ಸುಳಿಯಗೊಡಬೇಡಿ, ಆಲ್ಕೊಹಾಲ್ ಅರಗನ್ನೇ ಕರಗಿಸುತ್ತದೆ.) ಸದ್ದು ಅಷ್ಟೇ ಉಳಿದರೆ ಅದು ಸವೆತವೇ. ಮುಳ್ಳಿನ ತುದಿಯ ಆಕಾರ ಬದಲಾದರೆ ಅದು ಗೋಡೆಯ ಬೇರೆ ಎತ್ತರವನ್ನು ಮುಟ್ಟುತ್ತದೆ. ಆಗ ಕೆಲವೊಮ್ಮೆ ಸದ್ದು ತಗ್ಗುವುದುಂಟು.

ಬ್ರಾಸ್ ವಿಭಾಗ:
ಆಯ್ಕೆಯ ವಿಚಾರ ಹೇಳುತ್ತೇನೆ. ಹೊದಿಕೆಯ ಹಿಂಬದಿಯ ವಿವರಣೆಗಳಿಂದ ನಾನು ಆರಂಭಿಸುತ್ತೇನೆ: ಬೆನ್ನಟ್ಟುವಿಕೆ, ಕ್ರೀಡೆ, ನಗರದ ರಾತ್ರಿ ಎಂಬಂಥ ಮಾತುಗಳಿದ್ದರೆ ಡ್ರಮ್ಸ್ ಮತ್ತು ಬಾಸ್ ಮುಂದಿರುವ ಸಾಧ್ಯತೆ ಹೆಚ್ಚು, ಹಳ್ಳಿಯ ಮುಂಜಾವು ಎಂದಿದ್ದರೆ ಕೊಳಲು ಕೇಳಿ ಸುಮ್ಮನಾಗಬೇಕಾಗುತ್ತದೆ. ಆಮೇಲೆ ಸಂಯೋಜಕರ ಹೆಸರು. ಕೆಪಿಎಂನಲ್ಲಿ ಅಲನ್ ಹಾಕ್‌ಶಾ, ಕೀತ್ ಮ್ಯಾನ್ಸ್‌ಫೀಲ್ಡ್, ಬ್ರಿಯಾನ್ ಬೆನೆಟ್, ಜಾನಿ ಪಿಯರ್ಸನ್ ಇವರನ್ನು ಕಿವಿ ಮುಚ್ಚಿಕೊಂಡು ಕೊಳ್ಳಬಹುದು. ಅಮೆರಿಕದ ಸೋಮವಾರದ ಫುಟ್‌ಬಾಲ್ ಪ್ರಸಾರದ ಗುರುತಾದ ಸಂಗೀತ ಪಿಯರ್ಸನ್ ಅವರ ಇಂಥದೊಂದು ಲೈಬ್ರರಿ ತುಣುಕೇ. ಕೆಪಿಎಂನ ರಾಬಿನ್ ಫಿಲಿಪ್ಸ್ 1977ರಲ್ಲಿ ಹೊರಬಂದು ಬ್ರೂಟನ್ ಮ್ಯೂಸಿಕ್ ಎಂಬ ಲೈಬ್ರರಿ ಸಂಸ್ಥೆ ಕಟ್ಟಿದರು. ಅಲ್ಲಿ ಸಂಗೀತದ ಬಗೆಗೆ ತಕ್ಕಂತೆ ಹೊದಿಕೆಯ ಬಣ್ಣವೂ ಸಂಖ್ಯೆಯ ಮೊದಲಿನ ಅಕ್ಷರಗಳೂ ಬದಲಾಗುವುದರಿಂದ ಹುಡುಕುವುದು ಸುಲಭ. 1909ರಷ್ಟು ಹಿಂದೆಯೇ ಹುಟ್ಟಿದ ಡಿ ವುಲ್ಫ್ ಎಂಬ ಇನ್ನೊಂದು ಸಂಸ್ಥೆಯ ಪಟ್ಟಿ ಮಾತ್ರ ಸಮುದ್ರ.

ಬ್ರಿಟನ್ನಿನ ವಾದ್ಯಗಾರರ ಸಂಘ ಲೈಬ್ರರಿ ಧ್ವನಿಮುದ್ರಣವನ್ನು ವಿರೋಧಿಸುತ್ತಿದ್ದುದರಿಂದ ಲಂಡನ್ನಿನ ಈ ಸಂಗೀತದ ಬಹುಪಾಲು ಜರ್ಮನಿ, ಬೆಲ್ಜಿಯಂಗಳ ಸ್ಟುಡಿಯೋಗಳಲ್ಲಿ ಮುದ್ರಣವಾಗಿದೆ. ವಾದ್ಯಗಾರರ ಹೆಸರು ಹೊದಿಕೆಯ ಮೇಲೆ ಸಿಗದಿದ್ದರೆ ಬೇಸರಿಸಬೇಡಿ. ಇಟಲಿಯಲ್ಲಿ ಇನ್ನೊಂದು ತೊಡಕು: ಪಿಯೆರೊ ಉಮಿಲಿಯಾನಿ ಒಬ್ಬರೇ ಮೋಗ್ಜಿ ಎಂದೂ ಜಾಲಾ ಎಂದೂ ಹೆಸರು ಹಾಕಿಕೊಂಡಿದ್ದಾರೆ. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಮೂರು ಎಲ್‌ಪಿ ಕೊಂಡು, ಮೂವರ ಶೈಲಿಯೂ ಎಷ್ಟು ಹತ್ತಿರವಿದೆ ಎಂದು ಬೆರಗಾಗಿದ್ದೆ.

ಪಕ್ಕವಾದ್ಯ:
ಮೂಲ ಪ್ರತಿಯೇ ಬೇಕು ಎಂಬ ಹಟಕ್ಕೆ ನನ್ನ ಸಮ್ಮತಿಯಿಲ್ಲ. ಬಿ ವಿತ್ ರೆಕಾರ್ಡ್ಸ್ ಕೆಪಿಎಂನ ಹಲವು ಎಲ್‌ಪಿಗಳನ್ನು ಮೂಲ ಟೇಪುಗಳಿಂದಲೇ ಮರುಮುದ್ರಿಸಿದೆ; ಉಜ್ಜಿಹೋದ ಹಳೆಯ ಪ್ರತಿಗಿಂತ ಅದು ಚೆನ್ನಾಗಿಯೇ ನುಡಿಯುತ್ತದೆ. ಸಿನಿಮಾ ಸಂಗೀತದಲ್ಲಂತೂ ಕೆಲವಕ್ಕೆ ಮೂಲ ಪ್ರತಿ ಎಂಬುದೇ ಇಲ್ಲ. ‘ದಿ ವಿಕರ್ ಮ್ಯಾನ್’ ತೆರೆ ಕಂಡದ್ದು 1973ರಲ್ಲಿ. ಅದರ ಸಂಗೀತವನ್ನು ಟ್ರಂಕ್ ರೆಕಾರ್ಡ್ಸ್ ಮೊದಲ ಬಾರಿಗೆ ಹೊರತಂದದ್ದು 1998ರಲ್ಲಿ. ಎಚ್ಚರವಿರಬೇಕಾದದ್ದು ಕಳ್ಳಮುದ್ರಣಗಳ ಬಗ್ಗೆ. ಸಂಗೀತ ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಪಟ್ಟಿಯಲ್ಲಿ ಕೆತ್ತಿದ ಸಂಖ್ಯೆಯನ್ನು ಮೂಲ ಪ್ರತಿಯ ಚಿತ್ರದೊಂದಿಗೆ ಹೋಲಿಸಿ ನೋಡಿ. ಹೊಸ ಪ್ಲೇಟಿನೊಳಗೆ ಹಳೆಯ ಪ್ಲೇಟಿನ ಚಿಟಪಟ ಕೇಳಿಸಿದರೆ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಇನ್ನೊಂದು: ಆ ಎಲ್‌ಪಿ ಪಿವಿಸಿ ಹೊರಚೀಲದಲ್ಲಿ ಬಂದಿದ್ದರೆ ಇಂದೇ ತೆಗೆದುಬಿಡಿ. ಅದರಿಂದ ಹೊರಡುವ ಅಂಶ ವರ್ಷಗಳು ಕಳೆದಂತೆ ವಿನೈಲ್ ಮೇಲೆ ಮಂಜಿನಂಥ ಪೊರೆ ಕಟ್ಟುತ್ತದೆ, ಅದು ತೊಳೆದರೂ ಹೋಗದು. ಪಾಲಿಪ್ರೊಪಿಲೀನ್ ಚೀಲ ಹಾಕಿ, ನೆಟ್ಟಗೆ ನಿಲ್ಲಿಸಿಡಿ.

ಮುಳ್ಳುಮೊನೆ:
ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ತೊಳೆದು, ಒಣಗಿಸಿ, ಎರಡೂ ಬದಿಗಳನ್ನು ಪೂರ್ತಿ ಕೇಳಿದೆ. ಉಳಿದ ತುಣುಕುಗಳೆಲ್ಲ ನಿಶ್ಶಬ್ದದಿಂದಲೇ ಶುರುವಾಗುತ್ತವೆ. ಆ ಒಂದರ ಸದ್ದು ಮಾತ್ರ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಹೊದಿಕೆಯ ಹಿಂಬದಿಯನ್ನು ಇನ್ನೊಮ್ಮೆ ಗಮನಿಸಿದಾಗ ಅದೇ ತುಣುಕಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಹಾಕಿದ ಸಣ್ಣ ಸರಿ ಗುರುತು, ಅದರ ಮುಂದೆ 28 ಎಂಬ ಅಂಕಿ ಕಾಣಿಸಿತು. ಗಡಿಯಾರ ಹಿಡಿದು ಕೇಳಿದೆ. 28ನೆಯ ಸೆಕೆಂಡಿಗೆ ತುತ್ತೂರಿಗಳೆಲ್ಲ ಒಮ್ಮೆಲೇ ನಿಂತು ಡ್ರಮ್ಸ್ ಮತ್ತು ಬಾಸ್ ಮಾತ್ರ ಉಳಿಯುತ್ತವೆ. ಅಲ್ಲಿಯೂ ಅರ್ಧ ಸೆಕೆಂಡಿನಷ್ಟು ಅದೇ ಸರಸರ ಇದೆ.