ಬಿಲ್ಲಿ ಜೋಯಲ್ 'ಕೋಲ್ಡ್ ಸ್ಪ್ರಿಂಗ್ ಹಾರ್ಬರ್': ವೇಗ ಹೆಚ್ಚಾಗಿ ಓಡೋ ಎಲ್‌ಪಿಯನ್ನ ಸರಿ ಶ್ರುತಿಗೆ ತರೋದು ಹೇಗೆ?

ಕಪ್ಪುತಟ್ಟೆ: ಅಮೆರಿಕದ ಗಾಯಕ, ಪಿಯಾನೋ ವಾದಕ ಬಿಲ್ಲಿ ಜೋಯಲ್ ಮೊದಲ ಸೋಲೋ ಆಲ್ಬಂ ಇದು; ನನ್ನ ಹತ್ರ 1971ರ ಎಲ್‌ಪಿ (ಗ್ರಾಮಫೋನ್ ತಟ್ಟೆ) ಇದೆ, ಫ್ಯಾಮಿಲಿ ಪ್ರೊಡಕ್ಷನ್ಸ್ ಲೇಬಲ್. ಮಾಸ್ಟರಿಂಗ್‌ನಲ್ಲಿ (ತಟ್ಟೆ ಅಚ್ಚಿಗೆ ಮುಂಚಿನ ಕೊನೆಯ ಹಂತ) ವೇಗ ತಪ್ಪಿ ಎಲ್ಲ ಹಾಡೂ ಸುಮಾರು ಅರ್ಧ ಶ್ರುತಿ (ಕೀಬೋರ್ಡ್‌ನಲ್ಲಿ ಪಕ್ಕದ ಒಂದು ಕೀ) ಮೇಲಿವೆ, ದನಿ ಕೀರಲು. ಪ್ಲೇಯರ್‌ನಲ್ಲೇ ನಿಧಾನ ಮಾಡೋದಾ, ಕಂಪ್ಯೂಟರಿನ ಧ್ವನಿ ಎಡಿಟರ್ ಆಡಾಸಿಟಿಯಲ್ಲಾ? ಎಷ್ಟು ಪರ್ಸೆಂಟ್? ಅಥವಾ 1983ರಲ್ಲಿ ಕೊಲಂಬಿಯಾ ವೇಗ ಸರಿಪಡಿಸಿ ತಂದಿದ್ದನ್ನೇ ಕೇಳಿದರೆ ಸಾಕಾ?

ಮಂದ್ರಸಾ: 1983ರದ್ದು ಬರೀ ವೇಗ ಬದಲಿಸಿದ್ದಲ್ಲ, ರೀಮಿಕ್ಸ್, ಅಂದ್ರೆ ದನಿ-ವಾದ್ಯಗಳ ಟ್ರ್ಯಾಕ್‌ಗಳನ್ನ ಮತ್ತೆ ಬೆರೆಸಿದ್ದು. 'ಯು ಕ್ಯಾನ್ ಮೇಕ್ ಮಿ ಫ್ರೀ' ಹಾಡನ್ನ ಹೆಚ್ಚುಕಮ್ಮಿ ಅರ್ಧಕ್ಕೆ ಕತ್ತರಿಸಿದ್ದಾರೆ, 'ಟುಮಾರೋ ಈಸ್ ಟುಡೇ'ಯ ವಾದ್ಯವೃಂದ ತೆಗೆದಿದ್ದಾರೆ. ಮೂಲ ಮಿಕ್ಸ್ ಬೇಕಂದ್ರೆ ನಿಮ್ಮ ಎಲ್‌ಪಿಯೇ ಗತಿ.

ಪೂರ್ತಿ ಅರ್ಧ ಶ್ರುತಿ ಇಳಿಸೋಕೆ ಶೇ. 5.6 ಕಮ್ಮಿ ಮಾಡ್ಬೇಕು, ಅಂದ್ರೆ ನಿಮಿಷಕ್ಕೆ 33⅓ ಸುತ್ತಿನ ಬದಲು 31.5 (ಆರ್‌ಪಿಎಂ). ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರ್ ಥರ ವೇಗವನ್ನ ಶೇ. ±8 ಬದಲಿಸೋ ಸ್ಲೈಡರ್ ಇದ್ರೆ ಆಗುತ್ತೆ. ಆದರೆ ಪ್ಲೇಯರ್‌ನ ತಿರುಗೋ ಅಂಚಿನಲ್ಲಿ ವೇಗ ತೋರಿಸೋ ಸ್ಟ್ರೋಬ್ ಚುಕ್ಕಿ ನಂಬಬೇಡಿ, ಅದರ ಕೆಳಗಿನ ಗುರುತು −3.3ಕ್ಕೇ ಮುಗಿಯುತ್ತೆ.

ಸೂಜಿಮೊನೆ: ಸುಮ್ನೆ ಕೇಳೋಕಾದ್ರೆ ಸ್ಲೈಡರ್ ಓಕೆ. ರಿಪ್ ಮಾಡೋಕೆ (ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೊಳ್ಳೋಕೆ) ಬೇಡ. ತಟ್ಟೆ ಕೊರೆಯುವಾಗ ಆರ್‌ಐಎಎ ಈಕ್ವಲೈಸೇಶನ್ (ಬಾಸ್ ತಗ್ಗಿಸಿ ಟ್ರೆಬಲ್ ಏರಿಸೋ ನಿಗದಿತ ಹೊಂದಾಣಿಕೆ) ಬಿದ್ದದ್ದು ಆಗಲೇ ವೇಗ ಏರಿದ್ದ ಸಿಗ್ನಲ್ ಮೇಲೆ. ನಿಧಾನವಾಗಿ ತಿರುಗಿಸಿದ್ರೆ ಫೋನೋ ಸ್ಟೇಜಿನಲ್ಲಿ (ಸೂಜಿಯ ಸಿಗ್ನಲ್ ಹಿಗ್ಗಿಸೋ ಭಾಗ) ಅದನ್ನ ವಾಪಸ್ ಸರಿ ಮಾಡೋ ತಿದ್ದುಪಡಿ ತಪ್ಪು ಆವರ್ತನಕ್ಕೆ ಬೀಳುತ್ತೆ. ವ್ಯತ್ಯಾಸ ಹೆಚ್ಚಂದ್ರೆ ಅರ್ಧ ಡೆಸಿಬೆಲ್, ಆದ್ರೂ ಸುಮ್ಸುಮ್ನೆ ಯಾಕೆ? 33⅓ರಲ್ಲೇ ರೆಕಾರ್ಡ್ ಮಾಡಿ, ಚಟಪಟ ಸದ್ದು ತೆಗೆದು, ಆಮೇಲೆ ವೇಗಕ್ಕೆ ಕೈ ಹಾಕಿ.

ಆಡಾಸಿಟಿಯಲ್ಲಿ 'ಚೇಂಜ್ ಸ್ಪೀಡ್ ಆಂಡ್ ಪಿಚ್' ಮಾತ್ರ. 'ಚೇಂಜ್ ಪಿಚ್' ಕೊಟ್ರೆ ಶ್ರುತಿ ಇಳಿದರೂ ಹಾಡು ಓಡ್ತಾನೇ ಇರುತ್ತೆ, ಪಿಯಾನೋ ಹೊಡೆತ ಕಲಸಿಹೋಗುತ್ತೆ. 'ಚೇಂಜ್ ಟೆಂಪೋ' ಇದರ ಉಲ್ಟಾ. ಮೊದಲು ಹೇಳಿದ್ದರಲ್ಲಿ ಮಲ್ಟಿಪ್ಲೈಯರ್ (ವೇಗದ ಗುಣಕ) 0.944.

ಕಪ್ಪುತಟ್ಟೆ: 0.944 ಕಣ್ಮುಚ್ಚಿ ಹಾಕ್ಬಹುದಾ?

ಸೂಜಿಮೊನೆ: ಬೇಡ, ಅಳೀರಿ. ನಿಮ್ಮ ಪ್ಲೇಯರೇ ಒಂದು ಪರ್ಸೆಂಟ್ ಆಚೀಚೆ ಇರಬಹುದು. 1983ರ ರೀಮಿಕ್ಸ್ ಇರೋ ಸಿಡಿಯಲ್ಲಿ 'ಶೀಸ್ ಗಾಟ್ ಎ ವೇ' ತಗೊಂಡು ಮೊದಲ ಪಿಯಾನೋ ಹೊಡೆತಕ್ಕೊಂದು, ಕೊನೆಯ ಸಾಲಿನ ಒಂದು ಪದಕ್ಕೊಂದು ಗುರುತು ಹಾಕಿ. ಎಲ್‌ಪಿ ರಿಪ್‌ನಲ್ಲೂ ಅದೇ ಎರಡು ಜಾಗ. ಎಲ್‌ಪಿ ಸಮಯವನ್ನ ಸಿಡಿ ಸಮಯದಿಂದ ಭಾಗಿಸಿ: ಸಿಡಿಯಲ್ಲಿ 120 ಸೆಕೆಂಡ್, ಎಲ್‌ಪಿಯಲ್ಲಿ 113.3 ಬಂದ್ರೆ 0.944. ಬಂದ ಸಂಖ್ಯೆಯನ್ನೇ ಇಡೀ ಬದಿಗೆ ಒಂದೇ ಸಲ ಹಾಕಿ, ಹಾಡು ಹಾಡಿಗೆ ಬೇರೆ ಬೇರೆ ಬೇಡ.

ಮಂದ್ರಸಾ: ಹಾಡು ಶುರುವಾಗೋದು ಜಿ ಮೇಜರ್‌ನಲ್ಲಿ, ಕೀಬೋರ್ಡ್ ಇದ್ರೆ ಒಮ್ಮೆ ತಾಳೆ ನೋಡಿ. 1981ರ 'ಸಾಂಗ್ಸ್ ಇನ್ ದಿ ಆಟಿಕ್'ನಲ್ಲಿ ಇದೇ ಹಾಡು ಲೈವ್ ಇದೆ. ದನಿಯ ಸಹಜ ಬಣ್ಣ ತಿಳಿಯೋಕೆ ಅದು ಚೆನ್ನ, ವೇಗ ಅಳೆಯೋಕೆ ಉಪಯೋಗ ಇಲ್ಲ.